ಸಹಾಯ ಬೇಕು: ಸ್ಮಾರ್ಟ್‌ಫೋನ್ ಮನೆಯಲ್ಲಿಟ್ಟು ಕಬ್ಬನ್ ಪಾರ್ಕ್‌ಗೆ ಹೋಗೋದು ಹೇಗೆ?

ಭಾನುವಾರ ಕಬ್ಬನ್ ಪಾರ್ಕ್ ಒಳಗೆ ವಾಹನಗಳ ಕಾಟ ಇಲ್ಲ. ಬಿದಿರು ಮೆಳೆಯ ಹತ್ತಿರ ಸುಮ್ನೆ ಒಂದಷ್ಟು ಹೊತ್ತು ಕೂರಬೇಕು, ಅಷ್ಟೇ ನನ್ನ ಆಸೆ. ಆದರೆ ಜೇಬಲ್ಲಿ ಫೋನ್ ಇದ್ದರೆ ಕೈ ತಾನಾಗಿಯೇ ಹೋಗುತ್ತದೆ.

'ಡು ನಾಟ್ ಡಿಸ್ಟರ್ಬ್' ಹಾಕಿ, ಮನೆಯವರ ನಂಬರ್‌ಗಳಿಗೆ ಮಾತ್ರ ವಿನಾಯಿತಿ ಕೊಟ್ಟು ನೋಡಿದೆ. ಗಲಾಟೆ ನಿಂತಿತು ನಿಜ, ಆದರೆ ಫೋಟೋ ತೆಗೆಯೋಣ ಅಂತ ತೆರೆದವನು ರೀಲ್ಸ್‌ನಲ್ಲಿ ಮುಳುಗಿರುತ್ತೇನೆ. ಏರೋಪ್ಲೇನ್ ಮೋಡ್ ಆಗಲ್ಲ, ಅಮ್ಮನಿಗೆ ಹುಷಾರಿಲ್ಲ. (ದುಡ್ಡು ಕೊಡೋಕೆ ಸ್ಮಾರ್ಟ್‌ಫೋನ್ ಬೇಕಲ್ಲ ಅನ್ನೋ ಚಿಂತೆ ಇಲ್ಲ. ಮೆಟ್ರೋಗೆ ಸ್ಮಾರ್ಟ್ ಕಾರ್ಡ್ ಇದೆ, ಚುರುಮುರಿಗೆ ಚಿಲ್ಲರೆ ಸಾಕು.)

ಕೊನೆಗೆ ಹಳೇ ಕೀಪ್ಯಾಡ್ ಫೋನ್‌ಗೆ ಬೇರೆ ಸಿಮ್ ಹಾಕಿದೆ. ಸ್ಮಾರ್ಟ್‌ಫೋನ್‌ನಲ್ಲಿ ಕಾಲ್ ಫಾರ್ವರ್ಡಿಂಗ್ ಹಾಕಿ ಕರೆಗಳನ್ನು ಇದಕ್ಕೆ ತಿರುಗಿಸಿದೆ. ಸಿಕ್ಕಿಹಾಕಿಕೊಂಡಿರೋದು ಇಲ್ಲೇ. ಅಮ್ಮನ ಜೊತೆಗೆ ಆಫೀಸು, ಲೋನ್ ಬೇಕಾ ಅನ್ನುವವರು, ಎಲ್ಲರೂ ಇಲ್ಲಿಗೇ ಬರುತ್ತಾರೆ! ಅಮ್ಮನಿಗೆ ಹೊಸ ನಂಬರ್ ಕೊಡಬಹುದಲ್ವಾ ಅನ್ನಬೇಡಿ. ಅವರಿಗೆ ಬಾಯಿಪಾಠ ಆಗಿರುವುದು ಹಳೇ ನಂಬರ್ ಒಂದೇ.

ಹೀಗೆ ತಿರುಗಿ ಬರುವ ಕರೆಗಳಲ್ಲಿ ನಾನು ಆಯ್ದ ಮೂರ್ನಾಲ್ಕು ನಂಬರ್‌ಗಳು ಮಾತ್ರ ಕೀಪ್ಯಾಡ್ ಫೋನ್‌ನಲ್ಲಿ ರಿಂಗ್ ಆಗುವಂತೆ ಮಾಡಬಹುದಾ? ಆ ಸೌಲಭ್ಯ ಇರುವ, ನೀವೇ ಬಳಸಿ ನೋಡಿರುವ ಮಾಡೆಲ್ ಯಾವುದು?