ಹೊಳಪಿನ ಅಂಕ ಒಂದೇ ಇದ್ದರೂ ಬಾನೆಟ್ ಮತ್ತು ಬಾಗಿಲು ಬೇರೆಬೇರೆಯಾಗಿ ಕಾಣುವುದೇಕೆ?

ಪ್ರಶ್ನೆ:
ಕಾರು ಕಾರ್ಖಾನೆಯೊಂದರ ಪೇಂಟ್ ಶಾಪ್‌ನ ಗುಣಮಟ್ಟ ವಿಭಾಗಕ್ಕೆ ಈಚೆಗೆ ಸೇರಿದ್ದೇನೆ. ಕಪ್ಪು ಕಾರಿನ ಬಾನೆಟ್ ಮತ್ತು ಬಾಗಿಲುಗಳನ್ನು 20 ಡಿಗ್ರಿ ಕೋನದ ಹೊಳಪು ಮಾಪಕದಿಂದ ಅಳೆದರೆ ಹೆಚ್ಚುಕಡಿಮೆ ಒಂದೇ ಅಂಕ ಬರುತ್ತದೆ. ಆದರೆ ಅದೇ ಕಾರನ್ನು ಟ್ಯೂಬ್‌ಲೈಟ್ ಸಾಲಿನ ಕೆಳಗೆ ನಿಲ್ಲಿಸಿದಾಗ ಬಾನೆಟ್‌ನಲ್ಲಿ ದೀಪದ ಅಂಚು ಗೆರೆ ಕೊರೆದಂತೆ ಕಾಣುತ್ತದೆ, ಬಾಗಿಲಿನಲ್ಲಿ ಮಾತ್ರ ನೀರಿನೊಳಗೆ ನೋಡಿದಂತೆ ಅಲುಗುತ್ತದೆ. ನಾನು ಅಂಕವನ್ನು ನಂಬಬೇಕೇ, ಕಣ್ಣನ್ನೇ?

ಉತ್ತರ 1:
ಎರಡನ್ನೂ ನಂಬಬಹುದು, ಏಕೆಂದರೆ ಅವು ಅಳೆಯುತ್ತಿರುವುದು ಬೇರೆಬೇರೆ ಸಂಗತಿಗಳನ್ನು. ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆ) 1.567 ಇರುವ ನುಣುಪಾದ ಕಪ್ಪು ಗಾಜಿಗೆ 100 ಅಂಕ ಕೊಟ್ಟು, ನಿಮ್ಮ ಮೇಲ್ಮೈ ಅದಕ್ಕೆ ಹೋಲಿಸಿದರೆ ಎಷ್ಟು ಬೆಳಕನ್ನು ಕನ್ನಡಿಯಂತೆ ಹಿಂದಿರುಗಿಸುತ್ತದೆ ಎಂಬುದನ್ನಷ್ಟೇ ಹೊಳಪು ಮಾಪಕ ಹೇಳುತ್ತದೆ. ಕೆಲವು ಮಿಲಿಮೀಟರ್ ಅಗಲದ ಮೃದುವಾದ ಏರಿಳಿತಗಳಿಗೆ ಅದು ಬಹುಮಟ್ಟಿಗೆ ಕುರುಡು. ನಾವು ಆರೆಂಜ್ ಪೀಲ್ ಎಂದು ಕರೆಯುವ ಕಿತ್ತಳೆ ಸಿಪ್ಪೆಯಂಥ ಆ ಅಲೆಗಳನ್ನು ಹಿಡಿಯಲು ವೇವ್ ಸ್ಕ್ಯಾನ್ ಎಂಬ ಕೈಯಲ್ಲಿ ಹಿಡಿಯುವ ಮಾಪಕ ಬೇಕು. ಮೇಲ್ಮೈಯ ಮೇಲೆ ಸುಮಾರು 10 ಸೆಂಟಿಮೀಟರ್ ಉರುಳಿಸಿದರೆ ಅದು ಲೇಸರ್ ಬೆಳಕಿನ ಏರುಪೇರನ್ನು ಓದಿ, 0.3ರಿಂದ 1.2 ಮಿಲಿಮೀಟರ್‌ವರೆಗಿನ ಕಿರು ಅಲೆಗಳನ್ನೂ 1.2ರಿಂದ 12 ಮಿಲಿಮೀಟರ್‌ವರೆಗಿನ ದೀರ್ಘ ಅಲೆಗಳನ್ನೂ ಬೇರ್ಪಡಿಸಿ ಅಂಕ ಕೊಡುತ್ತದೆ. ಅಂಕ ಕಡಿಮೆಯಾದಷ್ಟೂ ಮೇಲ್ಮೈ ಸಮತಟ್ಟು. ಕಿರು ಅಲೆ ಹತ್ತಿರದಿಂದ ನೋಡುವವರ ಕಣ್ಣಿಗೆ ಬೀಳುತ್ತದೆ, ದೀರ್ಘ ಅಲೆ ಎರಡು ಮೂರು ಮೀಟರ್ ದೂರದಲ್ಲಿ ನಿಂತವರಿಗೂ ಕಾಣುತ್ತದೆ.

ಮಲಗಿದ ಬಾನೆಟ್‌ನ ಮೇಲೆ ಹಸಿ ಕ್ಲಿಯರ್‌ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಲೇಪ) ತಾನಾಗಿಯೇ ಹರಡಿ ಸಮವಾಗುತ್ತದೆ. ನಿಂತ ಬಾಗಿಲಿನ ಮೇಲೆ ಅಷ್ಟೇ ಸಡಿಲವಾಗಿ ಹರಿಯಲು ಬಿಟ್ಟರೆ ಬಣ್ಣ ಕೆಳಗೆ ಸೋರುತ್ತದೆ. ಆದ್ದರಿಂದ ಎರಡಕ್ಕೂ ಒಂದೇ ಮಿತಿಯನ್ನು ಹೇರುವುದು ನನ್ನ ದೃಷ್ಟಿಯಲ್ಲಿ ತಪ್ಪು.

ಉತ್ತರ 2:
ಮೇಲಿನ ಮಾತಿಗೆ ನನ್ನ ಅನುಭವವನ್ನು ಸೇರಿಸುತ್ತೇನೆ. ನಾನು ಹಿಂದೆ ಇದ್ದ ಕಡೆ ಎರಡನೆಯ ಪಾಳಿಯ ಬಾಗಿಲುಗಳ ದೀರ್ಘ ಅಲೆಯ ಅಂಕ ಸದಾ ಹೆಚ್ಚಾಗಿ ಬರುತ್ತಿತ್ತು, ನಾವು ಹತ್ತು ದಿನ ರೋಬಾಟ್‌ನ ಬೆಲ್ ಕಪ್ (ತಿರುಗುತ್ತಾ ಬಣ್ಣವನ್ನು ಹನಿಹನಿಯಾಗಿ ಸಿಡಿಸುವ ಬಟ್ಟಲು) ವೇಗವನ್ನೂ ಬಣ್ಣ ಬಳಿಯುವ ಬೂತ್‌ನ ತೇವಾಂಶವನ್ನೂ ತಿದ್ದುತ್ತಲೇ ಇದ್ದೆವು. ಕೊನೆಗೆ ತಿಳಿದದ್ದೇನೆಂದರೆ, ಒಬ್ಬರು ಬಾಗಿಲಿನ ಮಡಿಕೆ ಗೆರೆಯ ಮೇಲ್ಭಾಗದಲ್ಲಿಯೂ ಇನ್ನೊಬ್ಬರು ಕೆಳಭಾಗದಲ್ಲಿಯೂ ಅಳೆಯುತ್ತಿದ್ದರು! ಅಳೆಯುವ ಜಾಗ ಮತ್ತು ದಿಕ್ಕನ್ನು ಟೆಂಪ್ಲೇಟ್ ಇಟ್ಟು ನಿಗದಿಪಡಿಸಿ, ಬೇರೆಬೇರೆ ಜನರಿಂದ ಅದೇ ಬಾಗಿಲುಗಳನ್ನು ಮತ್ತೆ ಮತ್ತೆ ಅಳೆಯಿಸಿ ಗೇಜ್ ಆರ್ ಅಂಡ್ ಆರ್ (ಅಳತೆಯಲ್ಲೇ ಎಷ್ಟು ಏರುಪೇರಿದೆ ಎಂಬ ಪರೀಕ್ಷೆ) ಮಾಡದೆ ನಿಯಂತ್ರಣ ನಕ್ಷೆಯನ್ನು (ಅಂಕಗಳು ಮಿತಿಯೊಳಗಿವೆಯೇ ಎಂದು ತೋರಿಸುವ ಗ್ರಾಫ್) ಎಳೆಯಬೇಡಿ. ಅದೇ ಜಾಗದಲ್ಲಿ ಲೇಪದ ದಪ್ಪವನ್ನೂ ದಾಖಲಿಸಿರಿ. ಕ್ಲಿಯರ್‌ಕೋಟ್ ತೆಳುವಾದ ಕಡೆ ಅಲೆ ಸಾಮಾನ್ಯವಾಗಿ ಹೆಚ್ಚುತ್ತದೆ.

ಉತ್ತರ 3:
ಕಪ್ಪು ಬಣ್ಣದಲ್ಲಿ ಅಲೆ ಎದ್ದು ಕಾಣುವಂತೆ, ಸಿಲ್ವರ್‌ನಂಥ ಮೆಟಾಲಿಕ್ ಬಣ್ಣದಲ್ಲಿ ಬಂಪರ್ ಮತ್ತು ಫೆಂಡರ್ ನಡುವಿನ ಛಾಯಾಭೇದ ಎದ್ದು ಕಾಣುತ್ತದೆ. ಪ್ಲಾಸ್ಟಿಕ್ ಬಂಪರಿಗೆ ಸಾಮಾನ್ಯವಾಗಿ ಬಣ್ಣ ಬಳಿಯುವುದೇ ಬೇರೆ ಲೈನಿನಲ್ಲಿ. ಬಣ್ಣದಲ್ಲಿರುವ ಅಲ್ಯೂಮಿನಿಯಂ ಚಕ್ಕೆಗಳು ಅಲ್ಲಿ ಬೇರೆ ರೀತಿಯಲ್ಲಿ ಮಲಗಿದರೆ, 45 ಡಿಗ್ರಿ ಕೋನದಲ್ಲಿ ನೋಡಿದಾಗ ಹೊಂದುವ ಬಣ್ಣ 15ರಲ್ಲಿಯೋ 110ರಲ್ಲಿಯೋ ಹೊಂದುವುದಿಲ್ಲ. ಹಾಗಾಗಿ ಬಹುಕೋನ ಸ್ಪೆಕ್ಟ್ರೋಫೋಟೋಮೀಟರ್ (ಹಲವು ಕೋನಗಳಿಂದ ಬಣ್ಣ ಅಳೆಯುವ ಉಪಕರಣ) ಇಲ್ಲದೆ ಬಂಪರನ್ನು ಒಪ್ಪಿಕೊಳ್ಳಬೇಡಿ.