ಗಂಡು ಕರು ಹಾಕಿದ್ದು ಹಸುವಿನ ತಪ್ಪಾ? ಮಂಡ್ಯ ಹೈನುಗಾರರ ಗುಂಪಿನಲ್ಲಿ ಪಶುವೈದ್ಯರ ಪ್ರಶ್ನೋತ್ತರ

ಮದ್ದೂರು ಹಟ್ಟಿ: ಸರ್, ನಮ್ಮ ಎಚ್‌ಎಫ್ ತಳಿಯ ಹಸು ಮೂರು ಸಲವೂ ಗಂಡು ಕರುವನ್ನೇ ಹಾಕಿದೆ. ಮಾರಿಬಿಡಲಾ?

ಡಾಕ್ಟರ್: ಬೇಡ. ಗಂಡೋ ಹೆಣ್ಣೋ ಅಂತ ತೀರ್ಮಾನಿಸುವುದು ಎಕ್ಸ್, ವೈ ಅನ್ನೋ ವರ್ಣತಂತುಗಳು (ಕ್ರೋಮೋಸೋಮು). ಹಸುವಿನ ಅಂಡದಲ್ಲಿ ಇರುವುದು ಎಕ್ಸ್ ಮಾತ್ರ. ಹೋರಿಯ ವೀರ್ಯಾಣು ಎಕ್ಸ್ ತಂದರೆ ಹೆಣ್ಣು, ವೈ ತಂದರೆ ಗಂಡು.

ಪಾಂಡವಪುರ ಅಕ್ಕ: ಡಾಕ್ಟ್ರೇ, ನಮ್ಮ ಹಸು ಅವಳಿ ಹಾಕಿತ್ತು, ಒಂದು ಗಂಡು, ಒಂದು ಹೆಣ್ಣು. ಕಡಸಿಗೆ ಈಗ ಎರಡು ವರ್ಷ, ಇನ್ನೂ ಬೆದೆಗೆ ಬಂದಿಲ್ಲ. ಖನಿಜದ ಪುಡಿ ಕೊಟ್ಟೆ, ಜಂತಿನ ಔಷಧಿಯೂ ಆಯ್ತು.

ಡಾಕ್ಟರ್: ಅಕ್ಕಾ, ಮೊದಲು ಖರ್ಚು ನಿಲ್ಲಿಸಿ. ಹಸುವಿನ ಹೊಟ್ಟೆಯಲ್ಲಿ ಅವಳಿ ಇದ್ದಾಗ ಎರಡರ ಮಾಸಿನ ರಕ್ತನಾಳಗಳು ಸಾಮಾನ್ಯವಾಗಿ ಕೂಡಿಕೊಳ್ಳುತ್ತವೆ. ಗಂಡು ಕರುವಿನ ವೈ ಮೇಲೆ ಎಸ್‌ಆರ್‌ವೈ ಅನ್ನೋ ಜೀನ್ ಇದೆ, 1990ರಲ್ಲಿ ಪತ್ತೆಯಾದದ್ದು. ಅದರಿಂದಲೇ ವೃಷಣ ಬೆಳೆಯುವುದು. ವೃಷಣದ ಹಾರ್ಮೋನು ರಕ್ತದಲ್ಲಿ ಹರಿದು ತಂಗಿಯ ಮೈಗೂ ಹೋಗುತ್ತದೆ, ಅವಳ ಗರ್ಭಕೋಶ ಬೆಳೆಯದಂತೆ ತಡೆಯುತ್ತದೆ. ಹೊರಗೆ ನೋಡಿದರೆ ಕಡಸು, ಒಳಗೆ ಏನೂ ಸರಿಯಿಲ್ಲ. ಇದನ್ನು ಫ್ರೀಮಾರ್ಟಿನ್ ಅಂತಾರೆ. ಇಂಥ ಅವಳಿಯ ಹೆಣ್ಣು ಕರುಗಳಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ಗೊಡ್ಡು. ಬಾಲ ಎತ್ತಿ ನೋಡಿ, ಯೋನಿಯ ಕೆಳತುದಿಯಲ್ಲಿ ಉದ್ದ ಕೂದಲಿನ ಕುಚ್ಚು ಇದೆಯಾ? ಇದ್ದರೆ ಅನುಮಾನ ಗಟ್ಟಿ. ರಕ್ತದಲ್ಲಿ ವೈ ಸಿಕ್ಕರೆ ಖಚಿತ.

ಮಳವಳ್ಳಿ ಹೈದ: ಮನುಷ್ಯರ ಅವಳಿಯಲ್ಲೂ ಹೀಗಾ ಸರ್?

ಡಾಕ್ಟರ್: ಇಲ್ಲ. ಯಾರನ್ನೂ ಹೆದರಿಸಬೇಡಿ.

ಕೆ.ಆರ್. ಪೇಟೆ ತೋಟ: ಸರ್, ಪರಂಗಿ ಗಿಡದಲ್ಲಿ ಗಂಡು ಹೆಣ್ಣು ಹೇಗೆ?

ಮದ್ದೂರು ಹಟ್ಟಿ: ಫಾರ್ವರ್ಡ್ ಬಂದಿದೆ. ಸೂಜಿ (ಕೃತಕ ಗರ್ಭಧಾರಣೆ) ಹಾಕಿಸುವ ದಿನ ಐದು ಕೆಜಿ ಬೆಲ್ಲ ತಿನ್ನಿಸಿದರೆ ಹೆಣ್ಣು ಕರು ಗ್ಯಾರಂಟಿ. ಹತ್ತು ಜನಕ್ಕೆ ಕಳಿಸಿ.

ಡಾಕ್ಟರ್: ಕಳಿಸಬೇಡಿ! ಅಷ್ಟು ಬೆಲ್ಲಕ್ಕೆ ಹೊಟ್ಟೆ ಹುಳಿಯೇರಿ ಹಸು ಮಲಗುತ್ತದೆ, ಸಾಯಲೂಬಹುದು. ಹೆಣ್ಣು ಕರುವೇ ಬೇಕಿದ್ದರೆ ಸೆಕ್ಸ್ಡ್ ಸೆಮೆನ್, ಅಂದರೆ ಎಕ್ಸ್ ವೀರ್ಯಾಣು ಬೇರೆ ಮಾಡಿದ ವೀರ್ಯ, ಹಾಕಿಸಿ. ಎಕ್ಸ್ ವೀರ್ಯಾಣುವಿನಲ್ಲಿ ಡಿಎನ್‌ಎ ಸುಮಾರು 4% ಜಾಸ್ತಿ, ಆ ವ್ಯತ್ಯಾಸ ಹಿಡಿದೇ ಯಂತ್ರ ಬೇರೆ ಮಾಡುತ್ತದೆ. ಹತ್ತರಲ್ಲಿ ಒಂಬತ್ತು ಹೆಣ್ಣು.

ನಾಗಮಂಗಲ ಸೊಸೆ: ಹಾಗಾದ್ರೆ ಎರಡೂ ಹೆಣ್ಣಾಯ್ತು ಅಂತ ನಮ್ಮತ್ತೆ ನನ್ನನ್ನು ಬೈಯೋದು ಯಾಕೆ?

ಮಳವಳ್ಳಿ ಹೈದ: ಇದು ಹಸು ಗುಂಪು ಅಕ್ಕ.

ನಾಗಮಂಗಲ ಸೊಸೆ: ಹಸುವಿನ ತಪ್ಪಲ್ಲ ಅಂತ ಈಗ ತಾನೇ ಓದಿದ್ರಲ್ಲ?

ಮದ್ದೂರು ಹಟ್ಟಿ: ವಂಶಕ್ಕೊಂದು ಗಂಡು ಬೇಡ್ವಾ? ಸ್ಕ್ಯಾನ್ ಮಾಡಿಸಿದ್ರೆ ಆಗ್ತಿತ್ತು.

ಡಾಕ್ಟರ್: ಅದು 1994ರ ಕಾನೂನಿನ ಪ್ರಕಾರ ಅಪರಾಧ. 2023ರಲ್ಲಿ ನಮ್ಮ ಜಿಲ್ಲೆಯ ಆಲೆಮನೆಯಲ್ಲೇ ಈ ಸ್ಕ್ಯಾನಿಂಗ್ ನಡೆಯುತ್ತಿತ್ತು ಅಂತ ಸುದ್ದಿಯಾಗಿ ಮಾನ ಹೋಗಿದ್ದು ಮರೆತಿರಾ? ಇನ್ನೊಮ್ಮೆ ಬರೆದರೆ ಗುಂಪಿನಿಂದ ತೆಗೆಸುತ್ತೇನೆ. ಅಮ್ಮಾ, ವೈ ಬರುವುದು ನಿಮ್ಮ ಯಜಮಾನರಿಂದ. ಅತ್ತೆಗೆ ಅವರೇ ಉತ್ತರ ಹೇಳಲಿ.

ಶ್ರೀರಂಗಪಟ್ಟಣ ಕೋಳಿ ಫಾರಂ: ಕೋಳಿಗೂ ಹುಂಜವೇನಾ?

ಡಾಕ್ಟರ್: ಉಲ್ಟಾ. ಅಲ್ಲಿ ತೀರ್ಮಾನ ಹೇಂಟೆಯದು. ನಿಮ್ಮ ಪಕ್ಕದ ರಂಗನತಿಟ್ಟಿನ ಮೊಸಳೆಗೆ ಎಕ್ಸ್, ವೈ ಯಾವುದೂ ಇಲ್ಲ. ಮೊಟ್ಟೆಯ ಗೂಡಿನ ಬಿಸಿ 32.5 ಡಿಗ್ರಿ ಆಸುಪಾಸು ಇದ್ದರೆ ಗಂಡು, 31ಕ್ಕಿಂತ ಇಳಿದರೆ ಹೆಣ್ಣು.

ಮೇಲುಕೋಟೆ ಡೇರಿ: ಸರ್, ನಮ್ಮ ಹಸು ಬರೀ ಗಂಡು ಕರು...

ಡಾಕ್ಟರ್: ಮೇಲೆ ಓದಿ.

ಪಾಂಡವಪುರ ಅಕ್ಕ: ಕುಚ್ಚು ಇದೆ ಡಾಕ್ಟ್ರೇ. ಗಬ್ಬ ನಿಲ್ಲುತ್ತೆ ಅಂತ ಹೇಳಿ ಸಂತೆಗೆ ಹೊಡೀರಿ ಅಂತಾರೆ ನಮ್ಮೆಜಮಾನ್ರು.

ಡಾಕ್ಟರ್: ಅವಳಿಯ ಕಡಸು ಅಂತ ಹೇಳಿಯೇ ಮಾರಿ. ಇಲ್ಲದಿದ್ದರೆ ಕೊಂಡವರು ನಾಳೆ ಇದೇ ಗುಂಪಿಗೆ ಬಂದು ನನ್ನನ್ನೇ ಕೇಳ್ತಾರೆ.

ಕೆ.ಆರ್. ಪೇಟೆ ತೋಟ: ಸರ್, ಪರಂಗಿ?