ಸಹಾಯ ಬೇಕು: ಅಕ್ಕನ ಮಗನ ಡಿಎಲ್ ಸಸ್ಪೆಂಡ್ ಆಗುವ ಹಾಗಿದೆ (ಮೈಸೂರು)

ನಮಸ್ಕಾರ. ಅಕ್ಕನ ಮಗನಿಗೆ 19 ವರ್ಷ, ಇಲ್ಲೇ ಡಿಗ್ರಿ ಓದುತ್ತಿದ್ದಾನೆ. ಡಿಎಲ್ ಬಂದು ಇನ್ನೂ ವರ್ಷ ತುಂಬಿಲ್ಲ. ಅಷ್ಟರಲ್ಲೇ ಆರ್‌ಟಿಒದಿಂದ ನೋಟಿಸ್ ಬಂದಿದೆ. ಡಿಎಲ್ ಯಾಕೆ ಸಸ್ಪೆಂಡ್ ಮಾಡಬಾರದು ಅಂತ ಉತ್ತರ ಕೊಡಬೇಕು.

ರಿಂಗ್ ರೋಡ್‌ನಲ್ಲಿ ಸಿಗ್ನಲ್ ಜಂಪ್, ಇನ್ನೊಮ್ಮೆ ಗಾಡಿ ಓಡಿಸುತ್ತಾ ಮೊಬೈಲ್. ಇವೆರಡು ಅವನದೇ, ಒಪ್ಪುತ್ತಾನೆ. ಆದರೆ ನೋಟಿಸ್‌ನಲ್ಲಿ ಹೆಲ್ಮೆಟ್ ಇಲ್ಲದ ಕ್ಯಾಮೆರಾ ಚಲನ್‌ಗಳೂ ಸೇರಿವೆ. ಸ್ಕೂಟರ್ ಇರುವುದು ಭಾವನ ಹೆಸರಲ್ಲಿ. ಫೋಟೋ ದೊಡ್ಡದು ಮಾಡಿ ನೋಡಿದರೆ ಓಡಿಸುತ್ತಿರುವುದೂ ಭಾವನೇ! ದೇವರಾಜ ಮಾರ್ಕೆಟ್‌ಗೆ ಹೋಗಿ ಬರೋಕೆ ಹೆಲ್ಮೆಟ್ ಯಾಕೆ ಅನ್ನುವ ಮನುಷ್ಯ. ಮಗನಿಗೆ ಬುದ್ಧಿ ಹೇಳುವವರೂ ಇವರೇ. ಕ್ಯಾಮೆರಾ ಚಲನ್ ಬರುವುದು ಗಾಡಿ ನಂಬರ್ ಮೇಲೆ, ಓಡಿಸಿದವರ ಮೇಲಲ್ಲ ಅಲ್ವಾ?

ಮೋಟಾರು ವಾಹನ ಕಾಯ್ದೆಯ 19ನೇ ಸೆಕ್ಷನ್ ಓದಿದೆ. ಸಸ್ಪೆಂಡ್ ಮಾಡುವ ಮುಂಚೆ ನಮ್ಮ ಮಾತು ಕೇಳಬೇಕು, ಆದೇಶ ಕೈಗೆ ಬಂದ 30 ದಿನದೊಳಗೆ ಮೇಲ್ಮನವಿ ಹಾಕಬಹುದು ಅಂತಿದೆ.

ಇದನ್ನು ಎದುರಿಸಿದವರು ದಯವಿಟ್ಟು ಹೇಳಿ. ಉತ್ತರದ ಜೊತೆ ಆ ಫೋಟೋ, ಭಾವನ ಒಂದು ಪತ್ರ ಇಟ್ಟರೆ ಸಾಕಾ, ಇಲ್ಲ ಅಫಿಡವಿಟ್ ಬೇಕಾ? ಬಾಕಿ ದಂಡ ಈಗಲೇ ಕಟ್ಟಿದರೆ ಎಲ್ಲವನ್ನೂ ಅವನೇ ಒಪ್ಪಿಕೊಂಡ ಹಾಗೆ ಆಗುತ್ತದಾ? ಲಾಯರ್ ಬೇಕಾ, ಅವನೇ ಹೋಗಿ ಮಾತಾಡಿದರೆ ನಡೆಯುತ್ತದಾ?

ಸಸ್ಪೆಂಡ್ ಆದ ಮೇಲೂ ಓಡಿಸಿ ಸಿಕ್ಕಿಬಿದ್ದರೆ 10,000 ರೂಪಾಯಿ ದಂಡ, ಜೈಲೂ ಆಗಬಹುದು. ಅದಕ್ಕೇ ಕೀ ಸದ್ಯಕ್ಕೆ ಅಕ್ಕನ ಹತ್ತಿರ ಇದೆ, ಹುಡುಗ ಸಿಟಿ ಬಸ್‌ನಲ್ಲಿ ಓಡಾಡುತ್ತಿದ್ದಾನೆ. "ಏಜೆಂಟ್‌ಗೆ ದುಡ್ಡು ಕೊಟ್ಟು ಸರಿ ಮಾಡಿಸಿ" ಅನ್ನುವ ಸಲಹೆ ಮಾತ್ರ ಬೇಡ, ಸುಮ್ನೆ ಅಂಥವು ಜಾಸ್ತಿ ಬಂದಿವೆ.